ಸಿಸ್ಟರ್
ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಅರ್ಧ ಗಂಟೆ ಕೂತರೆ ಸಾಕು, ಈ ಒಂದು ಪದ ಹತ್ತಾರು ದನಿಗಳಲ್ಲಿ ಕಿವಿಗೆ ಬೀಳುತ್ತದೆ. ‘ಸಿಸ್ಟರ್, ಬಾಟ್ಲಿ ಖಾಲಿ ಆಯ್ತು.’ ‘ಸಿಸ್ಟರ್, ನಮ್ಮಪ್ಪ ಯಾಕೋ ನಡುಗ್ತಿದಾರೆ.’ ಕರೆಯುವವರು ಸಿಂದಗಿಯ ಕೂಲಿಕಾರರಿರಬಹುದು, ಮಳವಳ್ಳಿಯ ಅಜ್ಜಿಯಿರಬಹುದು. ಇಂಗ್ಲಿಷಿನ ಗಂಧವಿಲ್ಲದವರ ಬಾಯಲ್ಲೂ ಇದು ಸಲೀಸಾಗಿ ಹೊರಳುತ್ತದೆ. ಕರೆಸಿಕೊಳ್ಳುವವಳು ಮೊಮ್ಮಗಳ ವಯಸ್ಸಿನವಳಾದರೂ ಸಿಸ್ಟರೇ. ಗಂಡು ನರ್ಸ್‌ಗಳು ಬಂದಾಗ ಜನ ಯಾರನ್ನೂ ಕೇಳಲಿಲ್ಲ, ತಾವೇ ಅವರಿಗೆ ‘ಬ್ರದರ್’ ಎಂದು ಹೆಸರಿಟ್ಟರು.

ನರ್ಸ್‌ಗೆ ಈ ಹೆಸರು ಬಂದದ್ದು ಚರ್ಚಿನ ಬಾಗಿಲಿನಿಂದ. ಕ್ರಿಸ್ತನ ಮೊದಲ ತಲೆಮಾರಿನ ಅನುಯಾಯಿಗಳು, ಗುಲಾಮರು ಒಡೆಯರೆನ್ನದೆ, ಒಬ್ಬರನ್ನೊಬ್ಬರು ಒಡಹುಟ್ಟಿದವರಂತೆ ಕರೆದುಕೊಂಡರು. ಅವರಲ್ಲೊಬ್ಬನಾದ ಪೌಲ, ರೋಮಿನ ಕ್ರೈಸ್ತ ಸಭೆಗೆ ಬರೆದ ಪತ್ರದ ಕೊನೆಯಲ್ಲಿ, ಫೊಯಿಬೆ ಎಂಬಾಕೆಯನ್ನು ಸಹೋದರಿ ಎಂದೇ ಪರಿಚಯಿಸುತ್ತಾನೆ. ಅನೇಕರ ಕಷ್ಟಕ್ಕೆ, ತನ್ನ ಕಷ್ಟಕ್ಕೂ ಆಗಿಬಂದವಳು, ಅವಳಿಗೆ ಬೇಕಾದದ್ದನ್ನು ಒದಗಿಸಿ ಎಂದು ಕೇಳಿಕೊಳ್ಳುತ್ತಾನೆ. ಆಮೇಲೆ ಈ ಪದ ಸನ್ಯಾಸಿನಿಯರ ಪಾಲಾಗಿ ಬಹುಕಾಲ ಕಾನ್ವೆಂಟಿನ ಗೋಡೆಯೊಳಗೇ ಉಳಿಯಿತು. ಅದನ್ನು ಬೀದಿಗೆ ತಂದ ಕೀರ್ತಿಯಲ್ಲಿ ದೊಡ್ಡ ಪಾಲು 1633ರಲ್ಲಿ ಪ್ಯಾರಿಸ್ಸಿನಲ್ಲಿ ವಿನ್ಸೆಂಟ್ ದ ಪೌಲ್ ಮತ್ತು ಲೂಯಿಸ್ ದ ಮರಿಲ್ಲಾಕ್ ಕಟ್ಟಿದ ಸಂಘದ ಹೆಣ್ಣುಮಕ್ಕಳದು. ಹಳ್ಳಿಗಾಡಿನ ಆ ಹುಡುಗಿಯರು ಸೂಪಿನ ಪಾತ್ರೆ ಹಿಡಿದು ಹಾಸಿಗೆ ಹಿಡಿದ ಬಡವರ ಮನೆಗೇ ಹೋದರು. 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪ್ರೊಟೆಸ್ಟೆಂಟರೂ ಇಂಥದ್ದೇ ಒಂದು ಸಂಸ್ಥೆ ತೆರೆದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ತರಬೇತಿ ಪಡೆದದ್ದು ಅಲ್ಲಿ. ನಮ್ಮ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಿಸ್ಟರ್‌ಗಳು ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರು ಮಾಡಿದ್ದು 1886ರಲ್ಲಿ. ಕಂಡವರ ಕಫ, ರಕ್ತ, ಮಲ ಮುಟ್ಟುವ ಕೆಲಸಕ್ಕೆ ಮಗಳನ್ನು ಕಳಿಸಲು ಮಿಕ್ಕ ಮನೆಗಳು ಹಿಂಜರಿಯುತ್ತಿದ್ದ ಕಾಲದಲ್ಲಿ, ಸ್ವಾತಂತ್ರ್ಯ ಬರುವವರೆಗೂ, ಈ ದೇಶದ ನರ್ಸ್‌ಗಳಲ್ಲಿ ಬಹುಪಾಲು ಮಂದಿ ಕ್ರೈಸ್ತರೇ.

ಕನ್ನಡಕ್ಕೆ ಈ ಪದ ಇಷ್ಟು ಬೇಗ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಸೊಪ್ಪು ಮಾರುವವಳನ್ನು ಅಕ್ಕಾ ಎಂದು, ಬಸ್ಸಿನಲ್ಲಿ ಪಕ್ಕ ಕೂತವನನ್ನು ಅಣ್ಣಾ ಎಂದು ಕರೆಯುವ ನಾಡು ಇದು. ಮಹಾದೇವಿ ಅಕ್ಕನಾದದ್ದು, ಬಸವಣ್ಣ ಅಣ್ಣನಾದದ್ದು ಹುಟ್ಟಿನ ನಂಟಿನಿಂದಲ್ಲ.

ಆದರೆ ಕರೆದ ಮಾತ್ರಕ್ಕೆ ನಂಟು ಆಗಿಬಿಡುತ್ತದೆಯೇ? ಬೈಬಲಿನಲ್ಲಿ ಯಾಕೋಬನ ಪತ್ರವೆಂದು ಒಂದು ಚಿಕ್ಕ ಪತ್ರವಿದೆ. ಈ ಪ್ರಶ್ನೆಯನ್ನು ಅದರಷ್ಟು ನೇರವಾಗಿ ಎತ್ತಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮೊಳಗಿನ ಅಣ್ಣನೋ ತಂಗಿಯೋ ಮೈಮೇಲೆ ಬಟ್ಟೆಯಿಲ್ಲದೆ, ಅಂದಿನ ಕೂಳಿಗೂ ಗತಿಯಿಲ್ಲದೆ ಬಂದಾಗ, ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ ಎಂದು ಬಾಯಲ್ಲಿ ಹರಸಿ ಬರಿಗೈಯಲ್ಲಿ ಕಳಿಸಿದರೆ ಏನು ಬಂತು ಎಂದು ಯಾಕೋಬ ಕೇಳುತ್ತಾನೆ. ಕ್ರಿಯೆಯಿಲ್ಲದ ನಂಬಿಕೆಯನ್ನು ಸತ್ತದ್ದು ಎನ್ನಲು ಅವನು ಹಿಂದೆಮುಂದೆ ನೋಡುವುದಿಲ್ಲ. ನಂಬಿಕೆಯ ಪರೀಕ್ಷೆಗೆ ಅವನು ಆರಿಸಿಕೊಂಡದ್ದು ಒಂದು ಹೊತ್ತಿನ ಊಟ, ಒಂದು ತುಂಡು ಬಟ್ಟೆ. ಅಂಥ ಸಣ್ಣ ಸಂಗತಿಗಳೇ ಅವನಿಗೆ ಮುಖ್ಯವಾದವು ಎಂಬುದು ನನಗೆ ತುಂಬ ಹಿಡಿಸುತ್ತದೆ.

ನಮ್ಮ ಮನೆಯ ಹಿರಿಯರೊಬ್ಬರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದಾಗ ರಾತ್ರಿಯಿಡೀ ನೀರು ಕೊಡುವ ಹಾಗಿರಲಿಲ್ಲ. ಪಕ್ಕದ ಮಂಚದಲ್ಲಿ ಅಂಥದ್ದೇ ಸ್ಥಿತಿಯ ಇನ್ನೊಬ್ಬರು. ಜೊತೆಗೆ ಯಾರೂ ಇರಲಿಲ್ಲ. ನೈಟ್ ಡ್ಯೂಟಿಯ ಸಿಸ್ಟರ್ ಹತ್ತಿಯನ್ನು ನೀರಿನಲ್ಲಿ ಅದ್ದಿ, ಹನಿ ಗಂಟಲಿಗಿಳಿಯದಂತೆ ಚೆನ್ನಾಗಿ ಹಿಂಡಿ, ಆತನ ಒಡೆದ ತುಟಿಗೆ ಒತ್ತಿದಳು. ಮತ್ತೊಂದು ಸುತ್ತು ಬಂದಾಗ ಮತ್ತೆ ಒತ್ತಿದಳು. ಕತ್ತಿನಲ್ಲಿ ಸಣ್ಣ ಶಿಲುಬೆಯಿತ್ತು. ಆತ ಯಾವ ಜಾತಿ, ಯಾವ ದೇವರು ಎಂದು ಅವಳು ಕೇಳಲಿಲ್ಲ, ತನ್ನ ದೇವರ ಸುದ್ದಿಯನ್ನೂ ಎತ್ತಲಿಲ್ಲ. ಕೇಳಿದ್ದು ಒಂದೇ: ‘ನೋವು ಎಲ್ಲಿದೆ ಅಜ್ಜಾ?’ ಕೇಳಿ, ಆತ ತೊದಲುತ್ತ ಹೇಳಿ ಮುಗಿಸುವವರೆಗೂ ನಿಂತಳು.

ಸಂಸ್ಕೃತದಿಂದ ಬಂದ ‘ಶುಶ್ರೂಷೆ’ಗೂ ಮೂಲದಲ್ಲಿ ಕೇಳುವ ಆಸೆ ಎಂದೇ ಅರ್ಥ. ಆರೈಕೆ ಎಂಬ ಅರ್ಥ ಆಮೇಲಿನದು. ಇಂದು ವಾರ್ಡುಗಳಲ್ಲಿ ಹಿಂದೂ, ಮುಸ್ಲಿಂ ಹೆಣ್ಣುಮಕ್ಕಳೂ ಸಿಸ್ಟರ್‌ಗಳು. ಒಂದು ಧರ್ಮದ ಒಳಗೆ ಹುಟ್ಟಿದ ಪದ ಎಲ್ಲರ ಮೈಗೂ ಹೊಂದಿಕೊಂಡಿದೆ, ಅದು ಹಾಗೇ ಆಗಬೇಕಿತ್ತು.

ಒಂದು ಮಾತು ಮಾತ್ರ ನನ್ನನ್ನು ಕೊರೆಯುತ್ತದೆ. ಸಿಸ್ಟರ್ ಎಂದು ಕೂಗುವ ನಾವು ಅವಳಿಗೆ ಒಡಹುಟ್ಟಿದವರಂತೆ ನಡೆದುಕೊಳ್ಳುತ್ತೇವೆಯೇ? ರಿಪೋರ್ಟ್ ತಡವಾದರೆ ಮೊದಲ ಬೈಗುಳ ಅವಳಿಗೆ. ಸಂಬಳದ ಕಥೆಯಂತೂ ಕೇಳುವ ಹಾಗಿಲ್ಲ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ಸಮಿತಿಯೊಂದು, ಎಷ್ಟೇ ಚಿಕ್ಕ ಖಾಸಗಿ ಆಸ್ಪತ್ರೆಯಾದರೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು 2016ರಲ್ಲೇ ಶಿಫಾರಸು ಮಾಡಿತು. ಅಷ್ಟೂ ಕೈಗೆ ಸಿಗದೆ ಎರಡು ಪಾಳಿ ದುಡಿಯುವವರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ. ತಂಗಿಯ ಹಸಿವಿನ ಬಗ್ಗೆ ಬರೆದ ಅದೇ ಯಾಕೋಬ, ಅದೇ ಪತ್ರದ ಕೊನೆಯ ಅಧ್ಯಾಯದಲ್ಲಿ ಪೈರು ಕೊಯ್ದವರ ತಡೆಹಿಡಿದ ಕೂಲಿಯ ಬಗ್ಗೆಯೂ ಬರೆದ. ಆ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದ. ಆಸ್ಪತ್ರೆ ನಡೆಸುವವರು, ಚರ್ಚಿನವರಿರಲಿ ಬೇರೆಯವರಿರಲಿ, ಆ ಎರಡು ಅಧ್ಯಾಯಗಳನ್ನೂ ಒಟ್ಟಿಗೆ ಓದಬೇಕು.