ಶರಬತ್ತಿನ ಲೋಟದಲ್ಲಿ ಲೋಕದ ಚರಿತ್ರೆ

ಮಾಗಿದ ಪರಂಗಿ ಹಣ್ಣಿನ ನಾಲ್ಕು ಹೋಳು, ಒಂದು ಬಾಳೆಹಣ್ಣು, ಎರಡು ತುಂಡು ಅನಾನಸು, ಅರ್ಧ ಲೋಟ ತೆಂಗಿನ ಹಾಲು, ರುಚಿಗೆ ಒಂದಿಷ್ಟು ಸಕ್ಕರೆ. ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ತಿರುವಿದರೆ ಎರಡು ಲೋಟ ದಪ್ಪನೆಯ ಪಾನೀಯ ಸಿದ್ಧ. ದನದ ಹಾಲು ಹಾಕಿದರೆ ಕೂಡಲೇ ಕುಡಿಯಬೇಕು. ಅನಾನಸು ಬೆರೆತ ಹಾಲು ಸ್ವಲ್ಪ ಹೊತ್ತಿಗೇ ಕಹಿಯಾಗುತ್ತದೆ. ಪೇಟೆಯ ಅಂಗಡಿಗಳಲ್ಲಿ ಇದರ ಹೆಸರು ಸ್ಮೂದಿ. ಅಲ್ಲಿ ಕೊಡುವ ಬೆಲೆಯಲ್ಲಿ ಮನೆಯವರೆಲ್ಲ ಕುಡಿಯುವಷ್ಟು ಮಾಡಿಕೊಳ್ಳಬಹುದು.

ಹೆಸರು ಹೊಸದಾದರೂ ಪದಾರ್ಥ ನಮಗೆ ಹೊಸತಲ್ಲ. ಬಾಳೆಹಣ್ಣನ್ನು ಕಿವುಚಿ, ಬೆಲ್ಲ, ತೆಂಗಿನ ಹಾಲು ಮತ್ತು ಏಲಕ್ಕಿ ಬೆರೆಸಿದ ರಸಾಯನ ಕರಾವಳಿಯ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಉತ್ತರ ಕರ್ನಾಟಕದಲ್ಲಿ ಮಾವಿನ ಸೀಕರಣೆ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು ಬರೆದ ‘ಮಾನಸೋಲ್ಲಾಸ’ದಲ್ಲಿ ಪಾನಕಗಳಿಗೆಂದೇ ಒಂದು ಭಾಗವಿದೆ. 16ನೇ ಶತಮಾನದ ಆರಂಭದಲ್ಲಿ ಜೈನ ಕವಿ ಮೂರನೇ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದ. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಮಾಳವದ ಮಾಂಡುವಿನಲ್ಲಿ ಸುಲ್ತಾನ ಘಿಯಾಸುದ್ದೀನನಿಗಾಗಿ ‘ನಿಅಮತ್‌ನಾಮಾ’ ಎಂಬ ಸಚಿತ್ರ ಪಾಕಗ್ರಂಥ ಸಿದ್ಧವಾಗುತ್ತಿತ್ತು. ಅದರಲ್ಲಿ ಬಗೆಬಗೆಯ ಶರಬತ್ತುಗಳ ವಿವರಗಳಿವೆ. ಒಬ್ಬ ಪಾನಕವೆಂದ, ಇನ್ನೊಬ್ಬ ಶರಬತ್ತು ಎಂದ. ಬಾಯಾರಿಕೆ ಮಾತ್ರ ಇಬ್ಬರದೂ ಒಂದೇ.

‘ಶರಬತ್ತು’ ಅರಬಿ ಮೂಲದ ಪದ. ಕುಡಿಯುವುದು ಎಂಬ ಅರ್ಥದ ಧಾತುವಿನಿಂದ ಅದು ಹುಟ್ಟಿದೆ. ಇಂಗ್ಲಿಷಿನ ಸಿರಪ್, ಸಾರ್ಬೆ ಎಂಬ ಪದಗಳೂ ಅದೇ ಧಾತುವಿನ ಮಕ್ಕಳು. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ ಜೇನುತುಪ್ಪವನ್ನು ಸೂಚಿಸಲು ಬಳಕೆಯಾಗಿರುವುದೂ ಇದೇ ಧಾತುವಿನ ಪದ. ಖರ್ಜೂರ ಅಥವಾ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿಟ್ಟು ಪ್ರವಾದಿ(ಸ)ರಿಗಾಗಿ ‘ನಬೀಝ್’ ತಯಾರಿಸಲಾಗುತ್ತಿತ್ತೆಂದು ಹದೀಸ್ ಗ್ರಂಥಗಳಲ್ಲಿದೆ. ಬೆಳಿಗ್ಗೆ ನೆನೆಸಿದ್ದನ್ನು ಸಂಜೆ ಕುಡಿಯುತ್ತಿದ್ದರು. ಮೂರು ದಿನ ಕಳೆದರೆ ಅದನ್ನು ಕುಡಿಯುತ್ತಿರಲಿಲ್ಲ. ಹುಳಿತು ಅಮಲೇರಿಸುವ ಮುನ್ನ, ತಾಜಾ ಇರುವಾಗಲೇ ಹಣ್ಣಿನ ರಸ ಕುಡಿಯಬೇಕೆಂಬ ಎಚ್ಚರ ಅದರಲ್ಲಿತ್ತು.

ಇನ್ನು ಲೋಟದೊಳಗಿನ ಹಣ್ಣುಗಳನ್ನು ನೋಡೋಣ. ಅನಾನಸಿನ ತವರು ದಕ್ಷಿಣ ಅಮೆರಿಕ. ಆ ಹೆಸರೂ ಅಲ್ಲಿನ ಮೂಲನಿವಾಸಿಗಳದ್ದೇ. 1493ರಲ್ಲಿ ಕೊಲಂಬಸನ ಕಡೆಯವರು ಅದನ್ನು ಗ್ವಾಡೆಲೂಪ್ ದ್ವೀಪದಲ್ಲಿ ಕಂಡರು. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. 17ನೇ ಶತಮಾನದ ಆರಂಭದಲ್ಲಿ ಆಗ್ರಾದ ತೋಟದಲ್ಲಿ ಸಾವಿರಾರು ಅನಾನಸುಗಳು ಬೆಳೆಯುತ್ತಿದ್ದುದನ್ನು ಬಾದಶಹ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಆದರೂ ಅವನ ಮೆಚ್ಚಿನ ಹಣ್ಣು ಈ ಮಣ್ಣಿನ ಮಾವು. ಹಿಂದೂಸ್ತಾನದಲ್ಲಿ ಒಳ್ಳೆಯ ಹಣ್ಣಿಲ್ಲ, ಮಂಜುಗಡ್ಡೆಯಿಲ್ಲ ಎಂದು ಕೊರಗಿದ ಬಾಬರನ ಮರಿಮಗ ಅವನು! ನಾಲ್ಕು ತಲೆಮಾರಿನಲ್ಲಿ ನಾಲಿಗೆ ಈ ನೆಲದ್ದಾಯಿತು.

ಪರಂಗಿಯ ಚರಿತ್ರೆ ಅದರ ಹೆಸರಿನಲ್ಲೇ ಇದೆ. ‘ಫಿರಂಗಿ’ ಅಂದರೆ ಯುರೋಪಿನವನು. ಕನ್ನಡಿಗರ ಬಾಯಲ್ಲಿ ಅದು ‘ಪರಂಗಿ’ಯಾಯಿತು. ಮಧ್ಯ ಅಮೆರಿಕದ ಪಪ್ಪಾಯ ಹಿತ್ತಿಲ ಗಿಡವಾಗಿ ಎಷ್ಟೋ ಕಾಲವಾಯಿತು. ಅದನ್ನು ವಿದೇಶಿಯೆಂದು ಯಾರೂ ಕಿತ್ತೆಸೆದಿಲ್ಲ. ಸೀಬೆ, ಚಿಕ್ಕು, ಗೋಡಂಬಿ, ಮೆಣಸಿನಕಾಯಿಗಳೂ ಅಮೆರಿಕದಿಂದ ಬಂದವುಗಳೇ. ಬಾಳೆ, ಕಬ್ಬುಗಳನ್ನು ಜಗತ್ತಿನಲ್ಲಿ ಮೊದಲು ಕೃಷಿ ಮಾಡಿದ ಜಾಗಗಳಲ್ಲಿ ನ್ಯೂಗಿನಿಯ ಹೆಸರಿದೆ.

ಆದರೆ ಈ ಚರಿತ್ರೆಯೆಲ್ಲ ಸಿಹಿಯಲ್ಲ. ಕಬ್ಬಿನ ರಸವನ್ನು ಹರಳು ಮಾಡುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟದ್ದು ಭಾರತ. ಸಂಸ್ಕೃತದ ‘ಶರ್ಕರಾ’ ಪಾರಸಿಯಲ್ಲಿ ‘ಶಕರ್’ ಆಗಿ, ಅರಬಿಯಲ್ಲಿ ‘ಸುಕ್ಕರ್’ ಆಗಿ, ಕೊನೆಗೆ ಇಂಗ್ಲಿಷಿನ ‘ಶುಗರ್’ ಆಯಿತು. ಅರಬರು ಕಬ್ಬನ್ನು ಮೆಡಿಟರೇನಿಯನ್ ತೀರಕ್ಕೆ ಒಯ್ದರು. ಅಲ್ಲಿಂದ ಅದನ್ನು ಅಮೆರಿಕಕ್ಕೆ ಒಯ್ದ ಯುರೋಪಿಯನ್ನರು ದುಡಿಮೆಗಾಗಿ ಆಫ್ರಿಕನ್ನರನ್ನು ಗುಲಾಮರನ್ನಾಗಿಸಿದರು. 16ರಿಂದ 19ನೇ ಶತಮಾನದ ನಡುವೆ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸಲು ಹಡಗಿಗೆ ತುಂಬಲಾಯಿತು. ಅವರಲ್ಲಿ ಬಹುಪಾಲು ಜನರ ಪಾಲಿಗೆ ಬಂದದ್ದು ಕಬ್ಬಿನ ತೋಟ. ಅವರಲ್ಲಿ ಮುಸ್ಲಿಮರೂ ಇದ್ದರು. ಒಂದು ಚಮಚ ಸಕ್ಕರೆ ಹಾಕುವಾಗ ಆ ಬೆವರನ್ನೂ ನೆನೆಯಬೇಕು.

ಮಿಕ್ಸಿಯ ಕತೆ ಇತ್ತೀಚಿನದು. ಪೋಲೆಂಡ್ ಮೂಲದ ಸ್ಟೀಫನ್ ಪೊಪ್ಲಾವ್‌ಸ್ಕಿ 1922ರಲ್ಲಿ ಅಮೆರಿಕದಲ್ಲಿ ಹಾಲಿನ ಪಾನೀಯ ಕಲಸಲು ಇಂತಹ ಯಂತ್ರ ರೂಪಿಸಿದ. ಭಾರತದ ಅಡುಗೆಮನೆಗೆ ತಕ್ಕ, ಮಸಾಲೆ ಅರೆಯಬಲ್ಲ ಸುಮೀತ್ ಮಿಕ್ಸಿ 1960ರ ದಶಕದಲ್ಲಿ ಬಂತು. ಒರಳುಕಲ್ಲಿನ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದ ಹೆಂಗಸರ ರಟ್ಟೆಗಳಿಗೆ ಅದರಿಂದ ಒಂದಿಷ್ಟು ಬಿಡುವು ಸಿಕ್ಕಿತು.

ಹೀಗೆ ಅಮೆರಿಕದ ಮೂಲನಿವಾಸಿ, ಅರಬ್ ನಾವಿಕ, ಪೋರ್ಚುಗೀಸ್ ವ್ಯಾಪಾರಿ, ಆಫ್ರಿಕದ ಗುಲಾಮ, ಭಾರತದ ರೈತ ಎಲ್ಲರ ಪಾಲೂ ಆ ಒಂದು ಲೋಟದಲ್ಲಿದೆ. ಇಂಥ ನಾಡಿನಲ್ಲೇ 2022ರಲ್ಲಿ ಹಣ್ಣಿನ ವ್ಯಾಪಾರಿಯ ಧರ್ಮ ಕೇಳಿ ಖರೀದಿಸಬೇಕೆಂಬ ಕರೆಗಳು ಕೇಳಿಬಂದವು. ಆ ವರ್ಷದ ಏಪ್ರಿಲ್‌ನಲ್ಲಿ, ರಮಝಾನ್ ತಿಂಗಳಲ್ಲೇ, ಧಾರವಾಡದ ನುಗ್ಗಿಕೇರಿ ಹನುಮಂತ ದೇವಸ್ಥಾನದ ಆವರಣದಲ್ಲಿ ಬಡ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆಯಲಾಯಿತು. ಆ ಕಲ್ಲಂಗಡಿಯ ಮೂಲವೂ ಆಫ್ರಿಕ. ಸುಡಾನಿನ ಕೊರ್ಡೊಫಾನ್ ಪ್ರದೇಶದ ಒಂದು ತಳಿ ಅದರ ಅತಿ ಹತ್ತಿರದ ಬಂಧುವೆಂದು 2021ರ ವಂಶವಾಹಿ ಅಧ್ಯಯನ ತಿಳಿಸಿತು. ಒಡೆದವರಿಗೆ ಹಣ್ಣಿನ ಧರ್ಮ ಗೊತ್ತಿರಲಿಲ್ಲ, ಏಕೆಂದರೆ ಹಣ್ಣಿಗೆ ಧರ್ಮವಿರಲಿಲ್ಲ. ಆ ವ್ಯಾಪಾರಿಯ ನೆರವಿಗೆ ಜಾತಿ ಮತ ನೋಡದೆ ಅನೇಕರು ಮುಂದೆ ಬಂದರೆಂಬುದನ್ನೂ ಮರೆಯಬಾರದು. ನಾಡನ್ನು ಉಳಿಸಿರುವುದು ಅಂಥವರೇ.

ಕರಾವಳಿಯ ಇಫ್ತಾರ್‌ಗಳಲ್ಲಿ ಹಾಲು ಬೆರೆಸಿದ ಕಲ್ಲಂಗಡಿ ಶರಬತ್ತು, ಅದರ ಮೇಲೆ ತೇಲುವ ಕಾಮಕಸ್ತೂರಿ ಬೀಜ ಸಾಮಾನ್ಯ. ರಾಮನವಮಿಯ ದಿನ ಬೀದಿಯಲ್ಲಿ ಹಂಚುವ ಪಾನಕವೂ ಅಷ್ಟೇ ಸಾಮಾನ್ಯ. ಬಾಯಾರಿದವನಿಗೆ ಹೆಸರು ಕೇಳದೆ ಲೋಟ ಕೊಡುವ ಸಂಪ್ರದಾಯ ಎರಡರಲ್ಲೂ ಇದೆ. ಮನೆಯಲ್ಲಿ ಹಣ್ಣಿನ ರಸ ಮಾಡುವಾಗ ಒಂದು ಲೋಟ ಹೆಚ್ಚಿಗೆ ಮಾಡಿ ಪಕ್ಕದ ಮನೆಗೂ ಕಳುಹಿಸೋಣ.