ಒಣ ಸೌದೆ: ಇಂಗ್ಲೆಂಡಿನ ಮಾನದಂಡವೇನು?

ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿರಿಸಲು ಸೌದೆ ಉರಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಇಂದಿಗೂ ರೂಢಿಯಲ್ಲಿದೆ. ಆದರೆ ಹಸಿ ಸೌದೆಯ ಚಿಲ್ಲರೆ ಮಾರಾಟಕ್ಕೆ ಅಲ್ಲಿ ಕಾನೂನಿನ ತಡೆಯಿದೆ. 2021ರ ಮೇ 1ರಂದು ಜಾರಿಗೆ ಬಂದ ನಿಯಮಗಳ ಪ್ರಕಾರ, 2 ಘನ ಮೀಟರ್‌ಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ 20ನ್ನು ಮೀರುವಂತಿಲ್ಲ. ಅದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಹಸಿ ಸೌದೆ ಮಾರುವವರು ಅದನ್ನು ಒಣಗಿಸುವ ಕ್ರಮವನ್ನು ಗ್ರಾಹಕರಿಗೆ ತಿಳಿಸಬೇಕು.

ಇದಕ್ಕೆ ಕಾರಣವಿದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರಬಹುದು. ಉರಿಯ ಶಾಖದ ಒಂದು ಪಾಲು ಆ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಕಟ್ಟಿಗೆ ಪೂರ್ಣವಾಗಿ ಉರಿಯದೆ ಹೊಗೆ ಹೆಚ್ಚುತ್ತದೆ. ಚಿಮಣಿಯೊಳಗೆ ಅಂಟುವ ಡಾಂಬರಿನಂತಹ ಜಿಡ್ಡಿಗೆ ಬೆಂಕಿ ತಗಲುವ ಅಪಾಯವೂ ಉಂಟು. ಹೊಗೆಯಲ್ಲಿನ ಪಿಎಂ 2.5 ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಸಹಜವಾಗಿ ಒಣಗಿಸಲು ಮರವನ್ನು ತುಂಡರಿಸಿ, ಸೀಳಿ, ನೆಲಕ್ಕೆ ತಾಗದಂತೆ ಪೇರಿಸಲಾಗುತ್ತದೆ. ಮೇಲ್ಭಾಗಕ್ಕೆ ಮಾತ್ರ ಹೊದಿಕೆಯಿದ್ದು, ಬದಿಗಳು ಗಾಳಿಗೆ ತೆರೆದಿರಬೇಕು. ಓಕ್ ಮರಕ್ಕೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ತುಂಡನ್ನು ಹೊಸದಾಗಿ ಸೀಳಿ, ಒಳಮೈಯಲ್ಲಿ ಮಾಪಕದಿಂದ ತೇವಾಂಶ ಪರೀಕ್ಷಿಸುವುದು ಸರಿಯಾದ ವಿಧಾನ.

ಮರದ ಮೂಲವೂ ಮುಖ್ಯ. ಹೇಜಲ್, ಚೆಸ್ಟ್‌ನಟ್ ಮರಗಳನ್ನು ಬುಡದ ಬಳಿ ಕಡಿದರೆ, ಕಬ್ಬಿನ ಕೂಳೆಯಂತೆ ಮತ್ತೆ ಚಿಗುರುತ್ತವೆ. ತೋಪನ್ನು ಭಾಗ ಮಾಡಿಕೊಂಡು ಸರದಿಯಂತೆ ಕಡಿಯುವುದರಿಂದ ಬೇರು ಉಳಿದು, ಸೌದೆಯೂ ದೊರೆಯುತ್ತದೆ.

ಆದರೂ ಒಣ ಸೌದೆ ಹೊಗೆಯನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ದಟ್ಟ ಜನವಸತಿಯ ನಗರಗಳಲ್ಲಿ ಈ ಮಿತಿಯನ್ನು ಮರೆಯುವಂತಿಲ್ಲ.