ಗಂಧದೆಣ್ಣೆಯೂ ಟಾಟಾ ಇನ್‌ಸ್ಟಿಟ್ಯೂಟೂ

ಮೈಸೂರ್ ಸ್ಯಾಂಡಲ್ ಸೋಪು ಗೊತ್ತಿಲ್ಲದ ಕನ್ನಡಿಗರು ಯಾರಿದ್ದಾರೆ ಹೇಳಿ? ಅದರ ಕತೆ ಬಂದಾಗಲೆಲ್ಲ ನಾವು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು, ಸರ್ ಎಂವಿ ಹೆಸರು ಹೇಳಿ ಮುಗಿಸಿಬಿಡ್ತೀವಿ. ಆ ಎರಡು ಹೆಸರು ಹೇಳಲೇಬೇಕು, ತಕರಾರಿಲ್ಲ. ಆದರೆ ನಡುವೆ ಒಂದು ವಿದ್ಯಾಸಂಸ್ಥೆಯ ಪಾಲೂ ಇದೆ. ಅದು ಮಾತ್ರ ಯಾವಾಗಲೂ ಬಿಟ್ಟುಹೋಗುತ್ತೆ. ಈಗ ಎಲ್ಲಿ ನೋಡಿದರೂ ವಿಶ್ವವಿದ್ಯಾಲಯಗಳು 'ಸ್ಟಾರ್ಟಪ್', 'ಇನ್‌ಕ್ಯುಬೇಷನ್ ಸೆಂಟರ್' ಅಂತ ಬೋರ್ಡು ತೂಗುಹಾಕುತ್ತಿವೆ. ಹಾಗಾಗಿ ನೂರು ವರ್ಷಕ್ಕೂ ಹಿಂದಿನ ಈ ಕತೆಯನ್ನು ಒಮ್ಮೆ ತಿರುವಿಹಾಕೋಣ ಅನ್ನಿಸಿತು.

ಗಂಧದ ಮರ ಮೈಸೂರು ಸೀಮೆಯಲ್ಲಿ ಸರ್ಕಾರದ ಸ್ವತ್ತು. ಟಿಪ್ಪು ಸುಲ್ತಾನ 1792ರಲ್ಲಿ ಅದನ್ನು ರಾಜವೃಕ್ಷ ಅಂತ ಸಾರಿದ. ಆಮೇಲೆ ಬಂದ ಆಡಳಿತಗಳೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಪ್ರತಿವರ್ಷ ಗಂಧದ ಕೊರಡುಗಳ ಹರಾಜು ನಡೆಯುತ್ತಿತ್ತು, ಅದರಲ್ಲಿ ಬಹುಪಾಲು ಹಡಗೇರಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದದ್ದು ಅಲ್ಲಿ. ಮರ ನಮ್ಮದು, ವಿದ್ಯೆ ಅವರದು, ಲಾಭವೂ ಅವರದೇ!

1914ರಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನಿ ಈಗ ಶತ್ರುದೇಶ. ಕೊರಡುಗಳು ಕೊಳ್ಳುವವರಿಲ್ಲದೆ ಉಳಿದವು, ಸಂಸ್ಥಾನದ ದೊಡ್ಡ ಆದಾಯವೊಂದು ನಿಂತುಹೋಯಿತು. ಆಗ ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್. ಹಿಂದೆ ಮದರಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆಯ ಕಸುಬಿಗೆ ದಾರಿ ಹಾಕಿಕೊಟ್ಟವನು ಇವನೇ. ಎಣ್ಣೆಯನ್ನು ಇಲ್ಲೇ ತೆಗೆದರೆ ಹೇಗೆ ಅನ್ನುವ ಪ್ರಶ್ನೆ ಎದ್ದಿತು. ತೆಗೆಯಬಲ್ಲವರು ಯಾರು?

ಊರಾಚೆ ಮಲ್ಲೇಶ್ವರದ ಬಳಿ ಟಾಟಾ ಇನ್‌ಸ್ಟಿಟ್ಯೂಟ್ ಇತ್ತು. ಈಗ ನಾವು ಐಐಎಸ್‌ಸಿ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಅದೇ. ಸ್ಥಾಪನೆಯಾಗಿದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದಿದ್ದು 1911ರಲ್ಲಿ. ಜಾಗ ಕೊಟ್ಟಿದ್ದು ಮೈಸೂರು ಸಂಸ್ಥಾನ, 371 ಎಕರೆ. ಡೀಮ್ಡ್ ವಿಶ್ವವಿದ್ಯಾಲಯ ಅನ್ನಿಸಿಕೊಂಡದ್ದು ಬಹಳ ಆಮೇಲೆ, 1958ರಲ್ಲಿ. ಯುದ್ಧದ ಹೊತ್ತಿಗೆ ಅಲ್ಲಿದ್ದದ್ದು ಬೆರಳೆಣಿಕೆಯ ವಿಭಾಗಗಳು. ಪುಣ್ಯಕ್ಕೆ ರಸಾಯನಶಾಸ್ತ್ರ ಅವುಗಳಲ್ಲೊಂದು. ಪ್ರೊಫೆಸರ್ ಜೆ. ಜೆ. ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಈ ಕೆಲಸ ಕೈಗೆತ್ತಿಕೊಂಡರು.

ಕೇಳೋಕೆ ಸುಲಭ. ಚೇಗನ್ನು ಪುಡಿಮಾಡು, ಹಬೆ ಹಾಯಿಸು, ಬಟ್ಟಿ ಇಳಿಸು. ಆದರೆ ಆ ಕಾಲದಲ್ಲಿ ಗಂಧದೆಣ್ಣೆ ಸುಗಂಧದ ಜೊತೆಗೆ ಔಷಧಿಯೂ ಹೌದು. ಔಷಧಿ ಅಂದಮೇಲೆ ಬ್ರಿಟಿಷ್ ಫಾರ್ಮಕೋಪಿಯದ ಅಳತೆಗೆ ಸರಿಹೊಂದಬೇಕು. ವಾಸನೆ ಚೆನ್ನಾಗಿದೆ ಅಂದರೆ ಲಂಡನ್ನಿನ ವ್ಯಾಪಾರಿ ಕೊಳ್ಳುವುದಿಲ್ಲ. ಅದರಲ್ಲಿ ಸ್ಯಾಂಟಲಾಲ್ ಎಷ್ಟಿದೆ ಅಂತ ಪರೀಕ್ಷೆ ಮಾಡಿ ತೋರಿಸಬೇಕು. ಹೊಸದಾಗಿ ಅಂಗಡಿ ತೆರೆದವನಿಗೆ ಇದು ಆಗದ ಮಾತು. ಒಳ್ಳೆಯ ಪ್ರಯೋಗಾಲಯ ಬೇಕು, ಕೆಟ್ಟರೆ ಮತ್ತೆ ಮಾಡುವ ವ್ಯವಧಾನ ಬೇಕು, ನಷ್ಟ ತಡೆದುಕೊಳ್ಳುವ ಶಕ್ತಿ ಬೇಕು. ಆ ಮೂರನ್ನೂ ಇನ್‌ಸ್ಟಿಟ್ಯೂಟ್ ಕೊಟ್ಟಿತು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ಶುರುವಾಯಿತು, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಆಮೇಲೆ ಎಣ್ಣೆಯಿಂದ ಸೋಪು. ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಆ ಕಡೆಯ ಹೊಣೆ ಹೊತ್ತರು.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಇನ್‌ಸ್ಟಿಟ್ಯೂಟು ತಾನೇ ಎಣ್ಣೆ ಮಾರಲು ಕೂರಲಿಲ್ಲ. ಪ್ರಯೋಗದ ಅಪಾಯವನ್ನು ತಾನು ಹೊತ್ತು, ಕೈಗೂಡಿದ ಮೇಲೆ ನಡೆಸುವವರ ಕೈಗೆ ಒಪ್ಪಿಸಿತು. ವಿಶ್ವವಿದ್ಯಾಲಯ ಸ್ಥಳೀಯ ಉದ್ಯಮಕ್ಕೆ ಮಾಡಬಹುದಾದ ಸಹಾಯ ಅಂದರೆ ಮೊದಲಿಗೆ ಇದೇ ಅಲ್ಲವೇ?

ಇಷ್ಟಕ್ಕೇ ನಿಲ್ಲಿಸಿದರೆ ಭೇಷ್ ಅನ್ನಬಹುದಾದ ಕತೆ. ಆದರೆ ಕಾರ್ಖಾನೆಗೆ ಮರ ಬೇಕಲ್ಲ! ಬೇರಿನಲ್ಲೂ ಎಣ್ಣೆ ಚೆನ್ನಾಗಿರುವುದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಬೇರುಸಮೇತ ಕೀಳುತ್ತಾರೆ. ಚೇಗು ಬಲಿಯಲು ದಶಕಗಳೇ ಬೇಕು. ಅದರ ಮೇಲೆ ರೋಗ ಬೇರೆ. ಎಲೆ ಸಣ್ಣಗಾಗಿ, ಮೊಳೆಗಳಂತೆ ಸೆಟೆದು ನಿಂತು, ಮರ ಒಣಗಿಹೋಗುವ ಸ್ಪೈಕ್ ರೋಗ 1899ರಲ್ಲೇ ಕೊಡಗಿನಲ್ಲಿ ಕಂಡಿತ್ತು. ಇನ್‌ಸ್ಟಿಟ್ಯೂಟಿನಲ್ಲಿ 1920, 30ರ ದಶಕಗಳಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಸಂಗಡಿಗರು ಇದರ ಬೆನ್ನುಹತ್ತಿ ವರ್ಷಗಟ್ಟಲೆ ದುಡಿದರು. ರೋಗಿ ಮರದೊಳಗೆ ಮೈಕೋಪ್ಲಾಸ್ಮಾದಂಥ ಸೂಕ್ಷ್ಮಜೀವಿ ಇದೆ ಅಂತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1969ರಲ್ಲಿ! ಲೆಕ್ಕ ಹಾಕಿ. ಎಣ್ಣೆ ತೆಗೆಯಲು ಹಿಡಿದದ್ದು ಒಂದೆರಡು ವರ್ಷ, ಮರಕ್ಕೇನಾಗಿದೆ ಅಂತ ತಿಳಿಯಲು ಎಪ್ಪತ್ತು ವರ್ಷ.

ಇನ್ನೊಂದು ತೊಡಕು ಯಾವ ಪ್ರಯೋಗಾಲಯದ ಕೈಗೂ ಸಿಗುವಂಥದ್ದಲ್ಲ. ರೈತನ ಹೊಲದಲ್ಲಿ ಬೆಳೆದರೂ ಗಂಧ ರೈತನದಲ್ಲ. ಕಳುವಾದರೆ ಪೊಲೀಸರಿಗೆ, ಅರಣ್ಯ ಇಲಾಖೆಗೆ ಉತ್ತರ ಹೇಳಬೇಕಾದವನು ಅವನು. ಸಸಿ ಕಂಡರೆ ಕಿತ್ತೆಸೆಯದೆ ಇನ್ನೇನು ಮಾಡಿಯಾನು? 1998ರಲ್ಲಿ ಐಯುಸಿಎನ್ ಶ್ರೀಗಂಧವನ್ನು ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿಸಿತು. ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯ ಅಂತ ಕರ್ನಾಟಕದ ಕಾನೂನು ಒಪ್ಪಿಕೊಂಡದ್ದು 2001ರಲ್ಲಿ. ಕಾರ್ಖಾನೆಯ ಕೂಟದಲ್ಲಿ ಅರಮನೆ ಇತ್ತು, ಇಲಾಖೆ ಇತ್ತು, ಪ್ರೊಫೆಸರ್ ಇದ್ದರು. ಮರ ಸಾಕಬೇಕಾದವನಿಗೆ ಮಾತ್ರ ಎಂಬತ್ತೈದು ವರ್ಷ ಪಾಲಿರಲಿಲ್ಲ.

ಇದೇ ಸಂಸ್ಥೆ 1974ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಎ. ಕೆ. ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ', ಹಳ್ಳಿಗಳಿಗೆ ವಿಜ್ಞಾನ ಒಯ್ಯುವ ಕೇಂದ್ರ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಠಾಣೆ. ಕಡಿಮೆ ಸೌದೆ ತಿನ್ನುವ ಅಸ್ತ್ರ ಒಲೆ, ಸುಡದೆ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆ ಅಲ್ಲಿಂದ ಬಂದವು. ಒಲೆ ಹಾಕಲು ಗಾರೆಯವರಿಗೆ ಕಲಿಸಿದರು, ಇಟ್ಟಿಗೆ ಒತ್ತುವ ಯಂತ್ರ ಸಣ್ಣ ಕಸುಬುದಾರರ ಕೈಗೆ ಹೋಯಿತು. ಮಣ್ಣು, ಸೌದೆ, ದುಡಿಯುವವನು, ಎಲ್ಲರನ್ನೂ ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಂಡ ಕೆಲಸ ಅದು. ಸುಸ್ಥಿರ ಉದ್ಯಮ ಅನ್ನೋ ಭಾರದ ಪದಕ್ಕೆ ನನಗೆ ತೋಚುವ ಅರ್ಥ ಇಷ್ಟೇ. ಆ ಕೇಂದ್ರದ ಹೆಸರು ಆಮೇಲೆ ಸುಸ್ಥಿರ ತಂತ್ರಜ್ಞಾನ ಕೇಂದ್ರ ಅಂತಲೇ ಆಯಿತು.

ಈಗಿನ ಇನ್‌ಕ್ಯುಬೇಷನ್ ಸೆಂಟರುಗಳು ಎಷ್ಟು ಕಂಪನಿ ಹುಟ್ಟಿದವು, ಎಷ್ಟು ಬಂಡವಾಳ ಬಂತು ಅಂತ ಎಣಿಸುತ್ತವೆ. ಎಣಿಸಲಿ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿಕೊಂಡರೆ ಒಳ್ಳೆಯದು: ಈ ಉದ್ಯಮಕ್ಕೆ ಬೇಕಾದ ಕಚ್ಚಾಮಾಲು ಮೂವತ್ತು ವರ್ಷದ ನಂತರ ಎಲ್ಲಿಂದ ಬರುತ್ತೆ? ಅದನ್ನು ಬೆಳೆಯುವವನಿಗೆ ಏನು ಸಿಗುತ್ತೆ? 1916ರಲ್ಲಿ ಇವನ್ನು ಕೇಳಿದ್ದರೆ ನಮ್ಮ ಕಾಡುಗಳಲ್ಲಿ ಇನ್ನಷ್ಟು ಗಂಧ ಉಳಿಯುತ್ತಿತ್ತೇನೋ.

ನಿಮ್ಮೂರಿನ ಕಾಲೇಜು, ವಿಶ್ವವಿದ್ಯಾಲಯಗಳಿಂದ ಹೀಗೆ ಹುಟ್ಟಿದ ಕಸುಬುಗಳಿದ್ದರೆ ಹೇಳಿ. ತಿಳಿದುಕೊಳ್ಳೋ ಆಸೆ.